ಅಮ್ಮನ ಫೋನಿಗೆ ವೈರ್‌ಲೆಸ್ ಚಾರ್ಜರ್ ತಗೋಬಹುದಾ? ಅದು ಕೆಲಸ ಮಾಡೋದಾದ್ರೂ ಹೇಗೆ?

ಸುಮಾ_ಶಿರಾ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಪ್ರಶ್ನೆ, ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮಮ್ಮಂಗೆ 68 ವರ್ಷ, ಶಿರಾದಲ್ಲಿ ಅಪ್ಪನ ಜೊತೆ ಇರ್ತಾರೆ, ನಾನು ಕೆಲಸಕ್ಕೆ ಅಂತ ಬೆಂಗಳೂರಲ್ಲಿದೀನಿ. ಅಮ್ಮಂಗೆ ಆರ್ಥ್ರೈಟಿಸ್, ಬೆರಳಿನ ಗಂಟೆಲ್ಲಾ ಊದ್ಕೊಂಡು ಬಗ್ಗಲ್ಲ, ಚಾರ್ಜರ್ ಪಿನ್ನನ್ನ ಎರಡು ಬೆರಳಲ್ಲಿ ಹಿಡಿದು ಅಷ್ಟು ಚಿಕ್ಕ ತೂತಿಗೆ ಹಾಕೋದೇ ಅವರಿಗೆ ದೊಡ್ಡ ಕೆಲಸ ಆಗ್ಬಿಟ್ಟಿದೆ. ಈಗಂತೂ ಪಿನ್ ಸರಿಯಾಗಿ ಕೂರ್ತಾನೇ ಇಲ್ಲ, ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ನೋಡಿದ್ರೆ ಫೋನ್ ಆಫ್, ನಾನು ಆಫೀಸಿಗೆ ಹೊರಡೋ ಮುಂಚೆ ಕಾಲ್ ಮಾಡಿದ್ರೆ ಸಿಗಲ್ಲ, ಆಮೇಲೆ ಪಕ್ಕದ ಮನೆಯವ್ರಿಗೆ ಫೋನ್ ಮಾಡಿ ಒಂಚೂರು ನೋಡ್ಕೊಂಡ್ ಬನ್ನಿ ಅಂತ ಕೇಳೋದು, ಇದೇ ಗಾಬರಿ ಆಗೋಗಿದೆ.

ಫೋನು ನಾನು ಉಪಯೋಗಿಸ್ತಿದ್ದ ಹಳೇ ಐಫೋನ್ 12, ಅದರಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದೆ ಅಂತ ಗೊತ್ತು ಆದ್ರೆ ನಾನು ಬಳಸಿಲ್ಲ. ಸುಮ್ನೆ ಮೇಲಿಟ್ರೆ ಸಾಕು ಅಂದ್ರೆ ಅಮ್ಮಂಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ ಅನ್ಸತ್ತೆ. ಆದ್ರೆ ನಮ್ಮಣ್ಣ ಬೇಡ ಅಂತಿದಾನೆ, ಬ್ಯಾಟರಿ ಬೇಗ ಹೋಗತ್ತೆ, ಕರೆಂಟ್ ದಂಡ, ತಲೆ ಹತ್ರ ಇಟ್ಕೊಂಡು ಮಲಗಿದ್ರೆ ರೇಡಿಯೇಶನ್ ಬೇರೆ ಅಂತ. ಅಮ್ಮ ಕೇಳಿದ್ದು, ವೈರೇ ಇಲ್ದೆ ಕರೆಂಟ್ ಹೆಂಗೆ ಬರತ್ತೆ, ಮುಟ್ಟಿದ್ರೆ ಶಾಕ್ ಹೊಡೆಯಲ್ವಾ ಅಂತ. ಅವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ನಾನು, ಯಾರಾದ್ರೂ ಬಿಡಿಸಿ ಹೇಳ್ತೀರಾ?

ರಿಪೇರಿ_ರಾಘು_ಶಿವಮೊಗ್ಗ

ಅಕ್ಕಾ, ಚಾರ್ಜರ್ ತಗೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಪಿನ್ ಕೂರ್ತಿಲ್ಲ ಅಂತ ನನ್ನ ಹತ್ರ ಬರೋ ಫೋನುಗಳಲ್ಲಿ ಎಷ್ಟೋ ಸಲ ಪೋರ್ಟ್ ಹಾಳಾಗಿರೋದೇ ಇಲ್ಲ. ಸೀರೆ ಸೆರಗು, ಪ್ಯಾಂಟ್ ಜೇಬು, ವ್ಯಾನಿಟಿ ಬ್ಯಾಗ್, ಇವುಗಳ ಜುಂಗು ಧೂಳು ಒಳಗೆ ಹೋಗಿ, ಆಮೇಲೆ ಪ್ರತಿ ಸಲ ಪಿನ್ ಹಾಕಿದಾಗ್ಲೂ ಅದು ಒತ್ತಿ ಒತ್ತಿ ಒಳ್ಳೆ ಚಾಪೆ ತರ ತಳದಲ್ಲಿ ಕೂತಿರತ್ತೆ. ಪಿನ್ ಪೂರ್ತಿ ಇಳಿಯಲ್ಲ, ಅರ್ಧಕ್ಕೇ ನಿಲ್ಲತ್ತೆ, ಕೈ ತಾಗಿದ್ರೆ ಬಿಟ್ಕೊಳತ್ತೆ. ಫೋನ್ ಸ್ವಿಚ್ ಆಫ್ ಮಾಡಿ, ಮರದ ಟೂತ್‌ಪಿಕ್ ತಗೊಂಡು ನಿಧಾನಕ್ಕೆ ಕೆರೆದು ತೆಗೀರಿ, ಟಾರ್ಚ್ ಹಾಕಿ ನೋಡ್ತಾ. ಸೂಜಿ, ಸೇಫ್ಟಿ ಪಿನ್ನು ಯಾವ ಕಾರಣಕ್ಕೂ ಬೇಡ, ಒಳಗಿನ ಕಾಂಟ್ಯಾಕ್ಟ್ ಕಿತ್ತು ಬಂದ್ರೆ ಕಥೆ ಮುಗೀತು.

ಆದ್ರೂ ನಿಮ್ಮಮ್ಮನ ಬೆರಳಿನ ತೊಂದ್ರೆ ಅದರಿಂದ ಹೋಗಲ್ಲ, ಅದಕ್ಕೆ ವೈರ್‌ಲೆಸ್ ಸರಿಯಾದ ದಾರೀನೇ. ಐಫೋನ್ 8ರಿಂದ ಈಚೆಗೆ, ಅಂದ್ರೆ 2017ರಿಂದ, ಹೆಚ್ಚುಕಮ್ಮಿ ಎಲ್ಲಾ ಐಫೋನಲ್ಲೂ ಇದೆ. ಆಂಡ್ರಾಯ್ಡಲ್ಲಿ ಸ್ಯಾಮ್‌ಸಂಗ್ ಎಸ್ ಸೀರೀಸು, ಪಿಕ್ಸೆಲ್ಲು ಇಂಥ ದುಬಾರಿ ಫೋನಲ್ಲಿ ಇರತ್ತೆ, ಹದಿನೈದು ಇಪ್ಪತ್ತು ಸಾವಿರದ ಫೋನಲ್ಲಿ ಸಾಮಾನ್ಯವಾಗಿ ಇರಲ್ಲ, ಬೇರೆಯವರು ಓದ್ತಿದ್ರೆ ಪ್ಯಾಡ್ ತಗೊಳ್ಳೋಕೆ ಮುಂಚೆ ತಮ್ಮ ಮಾಡೆಲ್ ಚೆಕ್ ಮಾಡ್ಕೊಳ್ಳಿ.

ಫೋನ್ ಬಿಚ್ಚಿದ್ರೆ ಹಿಂದಿನ ಗ್ಲಾಸಿಗೂ ಬ್ಯಾಟರಿಗೂ ಮಧ್ಯ ಒಂದು ತೆಳ್ಳಗಿನ ತಾಮ್ರದ ಸುರುಳಿ ಇರತ್ತೆ, ರೂಪಾಯಿ ನಾಣ್ಯದ ಎರಡರಷ್ಟು ಅಗಲ, ಅದರ ಬೆನ್ನಿಗೆ ಕಪ್ಪು ಹಾಳೆ ತರ ಫೆರೈಟ್ ಶೀಟ್ ಅಂಟಿಸಿರ್ತಾರೆ. ಐಫೋನ್ 12ರಿಂದ ಆ ಸುರುಳಿ ಸುತ್ತ ಚಿಕ್ಕ ಚಿಕ್ಕ ಮ್ಯಾಗ್ನೆಟ್ ತುಂಡುಗಳ ಉಂಗುರ ಬಂತು, ಮ್ಯಾಗ್‌ಸೇಫ್ ಅಂತಾರಲ್ಲ ಅದು. ಹಿಂದಿನ ಗ್ಲಾಸ್ ಒಡೆದು ಎಲ್ಲೋ ಹಾಕಿಸಿದ್ರೆ ಈ ಸುರುಳಿಯ ಫ್ಲೆಕ್ಸ್, ಅಂದ್ರೆ ತೆಳ್ಳಗಿನ ಪಟ್ಟಿ ವೈರು, ಕಟ್ ಆಗಿರೋ ಸಾಧ್ಯತೆ ಇರತ್ತೆ, ನಿಮ್ಮ ಫೋನಲ್ಲಿ ಗ್ಲಾಸ್ ಬದಲಾಯಿಸಿದ್ರೆ ಮೊದ್ಲು ಯಾರದ್ದಾದ್ರೂ ಪ್ಯಾಡ್ ಮೇಲೆ ಇಟ್ಟು ನೋಡಿ.

ಪಾಲಿಟೆಕ್ನಿಕ್_ಮಾಸ್ತರ_ಹುಬ್ಬಳ್ಳಿ

ಸುಮಾ ಅವರ, ನಿಮ್ಮ ತಾಯಿಯವರು ಕೇಳಿದ ಪ್ರಶ್ನೆ ಭಾಳ ಚೊಲೊ ಐತ್ರಿ, ನಾನು ಡಿಪ್ಲೊಮಾ ಹುಡುಗರಿಗೆ ಇದನ್ನ ಹೇಳೂದು ಹೆಂಗಂದ್ರ ನಮ್ಮ ಊರಾಗಿನ ಟಿಸಿ, ಅಂದ್ರ ಟ್ರಾನ್ಸ್‌ಫಾರ್ಮರ್, ತೋರಿಸಿ. ರಸ್ತೆ ಬಾಜೂಕ ಕಂಬದ ಮ್ಯಾಲ ಇರೂ ಟಿಸಿ ಒಳಗ ಎರಡು ಸುರುಳಿ ಇರ್ತಾವ, 11 ಕೆವಿ ಲೈನ್ ಒಂದಕ್ಕ ಬರ್ತೈತಿ, ಮನಿಗಳಿಗೆ ಹೋಗೂ ಲೈನ್ ಇನ್ನೊಂದರಿಂದ ಹೊಂಡ್ತೈತಿ, ಆದ್ರ ಆ ಎರಡು ಸುರುಳಿ ನಡುವ ಒಂದ ತಂತಿನೂ ಕೂಡಿರಂಗಿಲ್ಲ. ಅಂದ್ರ ನಿಮ್ಮ ಮನಿಗೆ ಬರೂ ಕರೆಂಟ ಈಗಾಗ್ಲೇ ಒಂದು ಕಡೆ ವೈರ್ ಇಲ್ಲದ ದಾಟಿ ಬಂದೈತಿ. ಮೈಕೆಲ್ ಫ್ಯಾರಡೆ 1831ರಾಗ ಕಂಡುಹಿಡಿದಿದ್ದು ಇದನ್ನ. ಒಂದು ಸುರುಳಿಯೊಳಗ ಕರೆಂಟ ಏರಿಳಿತ ಆದ್ರ ಅದರ ಸುತ್ತ ಕಾಂತಕ್ಷೇತ್ರ ಏರಿಳಿತ ಆಗ್ತೈತಿ, ಆ ಕ್ಷೇತ್ರದಾಗ ಇನ್ನೊಂದು ಸುರುಳಿ ಇಟ್ರ ಅದರಾಗ ಕರೆಂಟ ಹುಟ್ಟತೈತಿ. ದಾಟೂದು ಕರೆಂಟ್ ಅಲ್ರಿ, ಕಾಂತಕ್ಷೇತ್ರ. ಅದಕ್ಕ ಪ್ಯಾಡ್ ಮ್ಯಾಲ ಕೈ ಇಟ್ರ ಶಾಕ್ ಹೊಡಿಯಂಗಿಲ್ಲ, ಮ್ಯಾಲ ಬರೇ ಪ್ಲಾಸ್ಟಿಕ್ ಇಲ್ಲಾ ರಬ್ಬರ್ ಇರ್ತೈತಿ, ಒಳಗ ಬರೂದೂ ಅಡಾಪ್ಟರಿನ ಕಡಿಮಿ ವೋಲ್ಟೇಜ್ ಅಷ್ಟ.

ಈಗ ಟಿಸಿಗೂ ಪ್ಯಾಡಿಗೂ ಏನ್ ಫರಕು ಅಂದ್ರ, ಟಿಸಿ ಒಳಗ ಕಬ್ಬಿಣದ ಕೋರ್ ಐತಿ, ಅದು ಕಾಂತಕ್ಷೇತ್ರವನ್ನ ಹಿಡಿದು ಒಂದು ಸುರುಳಿಯಿಂದ ಇನ್ನೊಂದಕ್ಕ ಒಯ್ತೈತಿ, ಹಂಗಾಗಿ 50 ಹರ್ಟ್ಸ್ ಸಾಕು. ಫೋನಿಗೂ ಪ್ಯಾಡಿಗೂ ನಡುವ ಇರೂದು ಗಾಜು, ಕವರ್, ಗಾಳಿ. ಅದಕ್ಕ ಏರಿಳಿತದ ವೇಗ ಹೆಚ್ಚು ಮಾಡಬೇಕು, ಪ್ಯಾಡ್ ಒಳಗಿನ ಸರ್ಕ್ಯೂಟು ಅಡಾಪ್ಟರಿನ ಡಿಸಿ, ಅಂದ್ರ ಒಂದ ದಿಕ್ಕಿಗೆ ಹರಿಯೂ ಕರೆಂಟ, ತಗೊಂಡು ಸೆಕೆಂಡಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಸಲ ದಿಕ್ಕು ಬದಲಾಯಿಸ್ತೈತಿ, ಸಾಮಾನ್ಯ ಪ್ಯಾಡುಗಳಾಗ 100ರಿಂದ 205 ಕಿಲೋಹರ್ಟ್ಸ್ ನಡುವ. ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡರ್ಡಿಗೆ ಚೀ (Qi) ಅಂತಾರ, ಅದರ ಹೊಸಾ ಚೀ 2 ಮ್ಯಾಗ್ನೆಟ್ ಪ್ಯಾಡುಗಳಾಗ 360 ಕಿಲೋಹರ್ಟ್ಸ್. ಫೋನಿನ ಸುರುಳಿಯೊಳಗ ಹುಟ್ಟಿದ, ದಿಕ್ಕು ಬದಲಾಗೂ ಎಸಿ ಕರೆಂಟನ್ನ ಒಳಗಿನ ರೆಕ್ಟಿಫೈಯರ್ ಮತ್ತ ಡಿಸಿ ಮಾಡಿ ಬ್ಯಾಟರಿಗೆ ಕೊಡ್ತೈತಿ.

ನನಗ ಭಾಳ ಖುಷಿ ಕೊಡೂ ಭಾಗ ಅಂದ್ರ ಇವೆರಡೂ ಮಾತಾಡ್ತಾವ್ರಿ. ಖಾಲಿ ಪ್ಯಾಡು ಸುಮ್ಮನ ಪೂರ್ತಿ ಶಕ್ತಿ ಚೆಲ್ಲಂಗಿಲ್ಲ, ಆಗಾಗ ಒಂದು ಸಣ್ಣ ಪಿಂಗ್ ಕಳಸ್ತೈತಿ, ಮ್ಯಾಲ ಯಾರರ ಅದಾರೇನು ಅಂತ. ಫೋನ್ ಇದ್ರ ಆ ಸಣ್ಣ ಶಕ್ತಿಯಿಂದನ ಅದರ ಚಿಪ್ ಎದ್ದು ಉತ್ತರ ಕೊಡ್ತೈತಿ. ಹೆಂಗ ಉತ್ತರ ಕೊಡ್ತೈತಿ? ತನ್ನ ಸುರುಳಿ ಮ್ಯಾಲಿನ ಲೋಡನ್ನ ಒಂದು ಲಯದಾಗ ಹೆಚ್ಚು ಕಡಿಮಿ ಮಾಡ್ತೈತಿ, ಆ ಬದಲಾವಣಿ ಪ್ಯಾಡಿನ ಸುರುಳಿಯೊಳಗ ಕಾಣಸ್ತೈತಿ, ಪ್ಯಾಡು ಅದನ್ನ ಸೊನ್ನೆ ಒಂದು ಅಂತ ಓದ್ಕೊಂತೈತಿ. ನನಗ ಇನ್ನಷ್ಟು ಬೇಕು, ಸಾಕು, ಕಡಿಮಿ ಮಾಡು, ಬಿಸಿ ಆಗಾಕ ಹತ್ತೇನಿ, ಎಲ್ಲಾ ಅದರಾಗ ಹೇಳ್ತೈತಿ. ಎಷ್ಟು ವ್ಯಾಟ್ ಬಂದು ಮುಟ್ಟಿತು ಅನ್ನೂದನ್ನೂ ಲೆಕ್ಕ ಕೊಡ್ತೈತಿ. ಕಳಿಸಿದ್ದಕ್ಕೂ ಮುಟ್ಟಿದ್ದಕ್ಕೂ ಭಾಳ ವ್ಯತ್ಯಾಸ ಬಂದ್ರ ನಡುವ ಕೀಲಿ ಕೈಯೋ ನಾಣ್ಯನೋ ಸಿಕ್ಕೊಂಡು ಶಕ್ತಿ ತಿನ್ನಾಕ ಹತ್ತೇತಿ ಅಂತ ತಿಳಕೊಂಡು ಪ್ಯಾಡು ಬಂದ್ ಆಗ್ತೈತಿ. ಅಗ್ಗದ ನಕಲಿ ಪ್ಯಾಡಿನಾಗ ಈ ಪರೀಕ್ಷೆನ ಸರಿ ಇರಂಗಿಲ್ಲ, ಇಂಡಕ್ಷನ್ ಒಲಿ ಮ್ಯಾಲ ಪಾತ್ರಿ ಕಾಯ್ದಂಗ ಲೋಹ ಕಾಯ್ತೈತಿ. ಅದಕ್ಕ ವೈರ್‌ಲೆಸ್ ಪವರ್ ಕನ್ಸೋರ್ಶಿಯಂ ಸರ್ಟಿಫೈ ಮಾಡಿದ್ದನ್ನ ತಗೋರಿ, ಡಬ್ಬಿ ಮ್ಯಾಲ ಚೀ ಗುರುತು ಇರ್ತೈತಿ. 2008ರಾಗ ಶುರು ಆದ ಆ ಒಕ್ಕೂಟದಿಂದನ ಯಾವ ಕಂಪನಿ ಪ್ಯಾಡ್ ಮ್ಯಾಲ ಯಾವ ಕಂಪನಿ ಫೋನ್ ಇಟ್ರೂ ನಡೆಯೂ ಹಂಗ ಆತು.

ನಿಮ್ಮ ಅಣ್ಣಾರು ಹೇಳಿದ ಮೂರೂ ಮಾತಿಗೆ ಲೆಕ್ಕ ಕೊಡ್ತೇನಿ. ಕರೆಂಟ ಹೆಚ್ಚು ಹೋಗೂದು ಖರೇ. ಫೋನ್ ಬ್ಯಾಟರಿ ಪೂರ್ತಿ ತುಂಬಾಕ ಸುಮಾರು 10ರಿಂದ 20 ವ್ಯಾಟ್ ಅವರ್ ಬೇಕು, ವೈರ್ ಬಿಟ್ಟು ಪ್ಯಾಡ್ ಬಳಸಿದ್ರ ದಿನಕ್ಕ ಇನ್ನೂ 10 ವ್ಯಾಟ್ ಅವರ್ ಹೆಚ್ಚು ಹೋತು ಅಂತ ದೊಡ್ಡದಾಗೇ ಹಿಡಿಯೂಣು, ವರ್ಷಕ್ಕ ನಾಕು ಯೂನಿಟ್ ಒಳಗ. ಯೂನಿಟ್ಟಿಗೆ 7 ರೂಪಾಯಿ ಅಂದ್ರೂ 28 ರೂಪಾಯಿ ದಾಟಂಗಿಲ್ಲ. ರೇಡಿಯೇಶನ್ ಅಂದ್ರ, ಇದು ಎಕ್ಸ್‌ರೇ ಜಾತಿದಲ್ಲ, ಜೀವಕೋಶದ ಅಣು ಮುರಿಯೂ ತಾಕತ್ತು ಇಷ್ಟು ಕಡಿಮಿ ಆವರ್ತನಕ್ಕ ಇಲ್ಲ, ಮತ್ತ ಆ ಕ್ಷೇತ್ರ ಸುರುಳಿ ಅಗಲಕ್ಕಿಂತ ಭಾಳ ದೂರ ಹೋದ ಮ್ಯಾಲ ದೂರದ ಘನದ ಲೆಕ್ಕದಾಗ ಬೀಳ್ತೈತಿ, ದೂರ ಎರಡು ಪಟ್ಟು ಆದ್ರ ಕ್ಷೇತ್ರ ಎಂಟನೇ ಒಂದು ಪಾಲು. ಫೋನಿನ ಸುರುಳಿಗೆ ಸಾಕಾಗೂ ಶಕ್ತಿ ಅಂತೂ ಭಾಳ ಹತ್ರ ಇದ್ರಷ್ಟ ಸಿಗ್ತೈತಿ, ಸಾಮಾನ್ಯ ಪ್ಯಾಡಿನಾಗ ನಾಕೈದು ಮಿಲಿಮೀಟರ್ ದಾಟಿದ್ರ ಚಾರ್ಜಿಂಗೇ ನಿಲ್ಲಬಹುದು. ಉಳದಿದ್ದು ಬ್ಯಾಟರಿ ಮಾತು, ಅದರಾಗ ಅಣ್ಣಾರು ಹೇಳೂದ್ರಾಗ ಹುರುಳೈತಿ, ಕಾರಣ ಬಿಸಿ. 10 ವ್ಯಾಟ್ ಕೊಟ್ಟು 7 ಮುಟ್ಟಿತು ಅಂದ್ರ ಉಳಿದ 3 ವ್ಯಾಟ್ ಅಲ್ಲೇ ಶಾಖ ಆಗ್ತೈತಿ, ಅದೂ ಬ್ಯಾಟರಿ ಬೆನ್ನಿಗೆ. ಲಿಥಿಯಂ ಬ್ಯಾಟರಿಗೆ ಬಿಸಿನ ವೈರಿ.

ಪಣಂಬೂರು_ಪ್ರಶಾಂತ

ಮಾಸ್ತರ್ರೆ ಒಳ್ಳೆದಾಗಿ ಹೇಳಿದ್ರಿ. ನಂಗೊಂದು ಡೌಟ್ ಉಂಟು. ನಾಕೈದು ಮಿಲಿಮೀಟರಿಗೇ ನಿಲ್ತದೆ ಅಂದ್ರೆ ಅದು ಎಂತ ವೈರ್‌ಲೆಸ್ಸು ಮಾರಾಯ್ರೆ, ಪ್ಯಾಡಿಗೆ ವೈರ್ ಬೇಕೇ ಬೇಕಲ್ಲ. ರೂಮಿಗೆ ಬಂದ ಕೂಡ್ಲೇ ಜೇಬಲ್ಲಿದ್ದ ಫೋನ್ ತನ್ನಷ್ಟಕ್ಕೆ ಚಾರ್ಜ್ ಆಗುವ ಹಾಗೆ ಯಾಕೆ ಮಾಡ್ಲಿಕ್ಕೆ ಆಗುದಿಲ್ಲ? ಹಿಂದೆ ವಿಜ್ಞಾನಿ ಟೆಸ್ಲಾ ಅದನ್ನೇ ಮಾಡ್ಲಿಕ್ಕೆ ಹೊರಟದ್ದಲ್ವಾ?

ಆದ್ರೆ ವೈರ್ ಚುಚ್ಚುವ ಜಾಗ ಇಲ್ಲ ಅಂಬುದೇ ನಮ್ಮ ಕರಾವಳಿಗೆ ದೊಡ್ಡ ಲಾಭ ಅಂತ ನಂಗೆ ಕಾಣುದು. ಇಲ್ಲಿ ಉಪ್ಪು ಗಾಳಿ, ನಾಲ್ಕು ತಿಂಗಳು ಜಡಿಮಳೆ, ಚಾರ್ಜಿಂಗ್ ಪಿನ್ನಿನ ತುದಿ ಹಸಿರು ಹಿಡಿತದೆ, ಕಪ್ಪಾಗ್ತದೆ, ಫೋನಲ್ಲಿ ಪೋರ್ಟ್ ಒದ್ದೆ ಉಂಟು ಅಂತ ಎಚ್ಚರಿಕೆ ಬಂದು ಚಾರ್ಜೇ ಆಗುದಿಲ್ಲ. ಆಗ ಫೋನನ್ನು ಒರೆಸಿ ಪ್ಯಾಡ್ ಮೇಲೆ ಇಟ್ರೆ ಆಯ್ತು. ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಶ್ ಉಂಟಲ್ಲ, ಅದರಲ್ಲಿ ಎಷ್ಟೋ ವರ್ಷದಿಂದ ಹೀಗೇ ಮಾಡಿದ್ದಾರೆ, ಬಚ್ಚಲಲ್ಲಿ ಇಡುವ ವಸ್ತುವಿಗೆ ಹೊರಗೆ ಲೋಹವೇ ಕಾಣ್ಬಾರ್ದು ಅಂತ. ಸ್ಕೂಟರಿಗೂ ಕಾರಿಗೂ ಇದು ಬಂದ್ರೆ ಮಳೆಯಲ್ಲಿ ನೆನೆದುಕೊಂಡು ಚಾರ್ಜಿಂಗ್ ಗನ್ ಚುಚ್ಚುವ ಕೆಲಸ ತಪ್ತದೆ.

ಪಾಲಿಟೆಕ್ನಿಕ್_ಮಾಸ್ತರ_ಹುಬ್ಬಳ್ಳಿ

ಪ್ರಶಾಂತ ಅವರ, ನಿಕೋಲಾ ಟೆಸ್ಲಾ 1901ರಾಗ ನ್ಯೂಯಾರ್ಕ್ ಬಾಜೂಕ ಲಾಂಗ್ ಐಲ್ಯಾಂಡಿನಾಗ ವಾರ್ಡನ್‌ಕ್ಲಿಫ್ ಅನ್ನೂ ಗೋಪುರ ಕಟ್ಟಸಾಕ ಹತ್ತಿದ್ರು, ಜೆ.ಪಿ. ಮಾರ್ಗನ್ ರೊಕ್ಕ ಹಾಕಿದ್ದ, ಆಮ್ಯಾಲ ರೊಕ್ಕ ನಿಂತು ಹೋತು, ಗೋಪುರ 1917ರಾಗ ಕೆಡವಿ ಹಾಕಿದ್ರು. ಶಕ್ತಿಯನ್ನ ಎಲ್ಲಾ ದಿಕ್ಕಿಗೂ ಹರಡಿದ್ರ ತಗೊಳ್ಳಾವನ ಕೈಗೆ ಸಿಗೂದು ಎಷ್ಟು ಅನ್ನೂ ಪ್ರಶ್ನೆ ಆವತ್ತೂ ಇತ್ತು, ಇವತ್ತೂ ಐತಿ.

ದೂರದಿಂದ ಆಗೂದ ಇಲ್ಲ ಅಂತಲ್ಲ. 2007ರಾಗ ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯದೊಳಗ ಮರಿನ್ ಸೊಲ್ಯಾಚಿಚ್ ಅವರ ತಂಡ ಎರಡು ಮೀಟರ್ ದೂರದಿಂದ 60 ವ್ಯಾಟಿನ ಬಲ್ಬ್ ಹತ್ತಿಸಿ ತೋರಿಸಿದ್ರು. ಎರಡೂ ಸುರುಳಿ ಒಂದ ಆವರ್ತನಕ್ಕ ಅನುರಣನ ಆಗೂ ಹಂಗ ಹೊಂದಿಸಿದ್ರು, ಆದ್ರ ಸುರುಳಿ ಒಂದೊಂದೂ ಸುಮಾರು 60 ಸೆಂಟಿಮೀಟರ್ ಅಗಲ, ಮುಟ್ಟಿದ್ದು ಸುಮಾರು 40 ಪರ್ಸೆಂಟ್. ಫೋನಿನೊಳಗ ಅಷ್ಟು ದೊಡ್ಡ ಸುರುಳಿ ಎಲ್ಲಿ ಇಡ್ತೀರಿ? ಇನ್ನೊಂದು ದಾರಿ ಮೈಕ್ರೋವೇವ್. 1975ರಾಗ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನಿನಾಗ ಒಂದೂವರಿ ಕಿಲೋಮೀಟರ್ ದೂರಕ್ಕ 30 ಕಿಲೋವ್ಯಾಟಿಗಿಂತ ಹೆಚ್ಚು ಕಳಿಸಿದ್ರು. ಆದ್ರ ಆ ಕಿರಣದ ದಾರಿಯೊಳಗ ಮನಷಾ ಅಡ್ಡ ಬರಬಾರದು, ಮನಿಯೊಳಗ ಅದು ಆಗೂ ಮಾತಲ್ಲ.

ಗಾಡಿ ಮಾತಿಗೆ ಬಂದ್ರ ನಿಮ್ಮ ಆಸೆ ಖರೇ ಆಗಾಕ ಹತ್ತೇತ್ರಿ. ಕಾರು ದೊಡ್ಡದು, ಅಡಿಯೊಳಗ ದೊಡ್ಡ ಸುರುಳಿ ಕೂಡ್ತೈತಿ, ಹಂಗಾಗಿ ನೆಲದಿಂದ ಹತ್ತಿಪ್ಪತ್ತು ಸೆಂಟಿಮೀಟರ್ ಅಂತರ ಇದ್ರೂ ನಡೀತೈತಿ. ಅದಕ್ಕ ಎಸ್‌ಎಇ ಜೆ2954 ಅಂತ ಸ್ಟ್ಯಾಂಡರ್ಡ್ ಐತಿ, 85 ಕಿಲೋಹರ್ಟ್ಸ್ ಸುತ್ತಮುತ್ತ, 11 ಕಿಲೋವ್ಯಾಟ್ ತನಕ. ದಕ್ಷಿಣ ಕೊರಿಯಾದ ಗುಮಿ ಊರಾಗ 2013ರಿಂದನ ರಸ್ತೆ ಒಳಗ ಹೂತಿಟ್ಟ ಸುರುಳಿ ಮ್ಯಾಲ ಬಸ್ಸು ಓಡಿಸಿದ್ರು, ರಸ್ತೆ ಪೂರ್ತಿ ಅಗೀಬೇಕಂತಿಲ್ಲ, ಅಲ್ಲಲ್ಲಿ ತುಂಡು ತುಂಡಾಗಿ ಹಾಕಿದ್ರ ಸಾಕು, ಬಸ್ಸಿನೊಳಗ ಸಣ್ಣ ಬ್ಯಾಟರಿ ಇಟ್ಟರೂ ನಡೀತೈತಿ. ಅಮೆರಿಕಾದ ಡೆಟ್ರಾಯಿಟಿನಾಗೂ 2023ರಾಗ ಕಾಲು ಮೈಲಿ ರಸ್ತೆ ಹಂಗ ಮಾಡ್ಯಾರ. ಬ್ಯಾಟರಿ ತೂಕ ಹೊತ್ತು ತಿರಗೂದು ಕಡಿಮಿ ಆಗ್ತೈತಲ್ಲ, ನನಗ ಅದರಾಗ ಭಾಳ ಭರವಸೆ ಐತಿ.

ಮೈಸೂರಿನ_ಒಬ್ಬ_ಅಪ್ಪ

ಫೋನು ಕಾರು ಎರಡರ ಬಗ್ಗೆನೂ ಆಯ್ತು, ನಮ್ಮನೇಲಿರೋ ಒಂದು ಉಪಯೋಗ ಹೇಳ್ಬೇಕು ಅನ್ನಿಸ್ತು. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳ್ತಿರ್ಲಿಲ್ಲ, ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಆಪರೇಶನ್ ಮಾಡಿ ಒಳಗೆ ಕೂರಿಸೋ ಕಿವಿ ಸಾಧನ, ಆಗಿದೆ, ಆಮೇಲಿನ ಮಾತಿನ ತರಬೇತಿ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗಲ್ಲಿ. ಆ ಸಾಧನದ ಅರ್ಧ ಭಾಗ ಕಿವಿ ಹಿಂದೆ ಚರ್ಮದ ಕೆಳಗಿದೆ, ಅದಕ್ಕೆ ಬ್ಯಾಟರಿನೇ ಇಲ್ಲ! ಹೊರಗಡೆ ಕಿವಿ ಮೇಲೆ ಕೂರೋ ಪ್ರೊಸೆಸರಿಂದ ಒಂದು ಸಣ್ಣ ವೈರ್ ಬಂದು ತಲೆಗೆ ಅಂಟ್ಕೊಳ್ಳೋ ಗುಂಡಗಿನ ಬಿಲ್ಲೆ ಇರತ್ತಲ್ಲ, ನೀವು ಮಕ್ಕಳಲ್ಲಿ ನೋಡಿರ್ತೀರ, ಅದರೊಳಗೆ ಸುರುಳಿ, ಮಧ್ಯದಲ್ಲಿ ಮ್ಯಾಗ್ನೆಟ್. ಚರ್ಮದ ಕೆಳಗೂ ಸುರುಳಿ, ಮ್ಯಾಗ್ನೆಟ್. ಹೊರಗಿನ ಸುರುಳಿ ಕರೆಂಟನ್ನೂ ಕೊಡತ್ತೆ, ಶಬ್ದದ ಸಿಗ್ನಲನ್ನೂ ಕೊಡತ್ತೆ, ಒಂದೇ ದಾರೀಲಿ. ಹಿಂದೆ ಕೆಲವು ಮಾದರಿಗಳಲ್ಲಿ ಚರ್ಮದಿಂದ ಹೊರಗೆ ಪ್ಲಗ್ಗೇ ಬಂದಿರ್ತಿತ್ತಂತೆ, ಗಾಯ ಯಾವಾಗ್ಲೂ ತೆರೆದಿದ್ದ ಹಾಗೆ, ಸೋಂಕಿನ ಭಯ.

ಇಲ್ಲೂ ಮಾಸ್ತರ್ ಹೇಳಿದ ಮಿಲಿಮೀಟರಿನ ಲೆಕ್ಕನೇ. ಕೂದಲು ದಟ್ಟ ಆದ್ರೆ ಬಿಲ್ಲೆ ಜಾರತ್ತೆ, ಆಗ ಸ್ವಲ್ಪ ಜೋರಿರೋ ಮ್ಯಾಗ್ನೆಟ್ ಹಾಕ್ಬೇಕು, ತೀರಾ ಜೋರಾದ್ರೆ ಚರ್ಮ ಕೆಂಪಾಗತ್ತೆ, ಅದಕ್ಕೇ ಬೇರೆ ಬೇರೆ ಬಲದ ಮ್ಯಾಗ್ನೆಟ್ ಇಟ್ಟಿರ್ತಾರೆ, ಆಡಿಯಾಲಜಿಸ್ಟ್ ನೋಡಿ ಬದಲಾಯಿಸಿ ಕೊಡ್ತಾರೆ. ಆಟ ಆಡ್ವಾಗ ಬಿಲ್ಲೆ ಬಿದ್ರೆ ಅದೇ ಕ್ಷಣ ಮಗಳಿಗೆ ಏನೂ ಕೇಳಲ್ಲ, ತಾನೇ ಕೈ ಹಾಕಿ ಜಾಗಕ್ಕೆ ಸರಿಯಾಗಿ ಇಟ್ಕೋತಾಳೆ, ಟಪ್ ಅಂತ ಕೂರತ್ತೆ, ಮತ್ತೆ ಮಾತು ಶುರು. ವೈರ್‌ಲೆಸ್ ಚಾರ್ಜಿಂಗ್ ಶೋಕಿ ಅಂತ ಯಾರಾದ್ರೂ ಅಂದ್ರೆ ನನಗೆ ಸಹಿಸೋಕಾಗಲ್ಲ. ವೈರ್ ಚುಚ್ಚೋಕೆ ಆಗದೇ ಇರೋ ಜಾಗ ಅಂತ ಒಂದಿದೆ, ಅಲ್ಲಿ ಇದೇ ಬೇಕು. ಸುಮಾ ಮೇಡಂ ಅಮ್ಮನ ಬೆರಳೂ ನನ್ನ ಪ್ರಕಾರ ಅಂಥದ್ದೇ, ಧಾರಾಳವಾಗಿ ತಗೊಳ್ಳಿ.

ಸುಮಾ_ಶಿರಾ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಟಿಸಿ ವಿಷ್ಯ ಅಮ್ಮಂಗೆ ಹೇಳಿದೆ, ತಕ್ಷಣ ಅರ್ಥ ಆಯ್ತು ಅವರಿಗೆ. ರಾಘು, ಪೋರ್ಟ್ ಶನಿವಾರ ಊರಿಗೆ ಹೋದಾಗ ಕ್ಲೀನ್ ಮಾಡ್ತೀನಿ, ಹಿಂದಿನ ಗ್ಲಾಸ್ ಒರಿಜಿನಲ್ಲೇ, ಬದಲಾಯಿಸಿಲ್ಲ.

ಈಗ ಎರಡು ವಿಷ್ಯ. ಮ್ಯಾಗ್ನೆಟ್ ಮ್ಯಾಗ್ನೆಟ್ ಅಂತ ಓದ್ತಾ ಓದ್ತಾ ನೆನಪಾಯ್ತು, ನಮ್ಮಪ್ಪಂಗೆ ಪೇಸ್‌ಮೇಕರ್ ಇದೆ. ಇಬ್ರೂ ಒಂದೇ ರೂಮಲ್ಲಿ ಮಲಗ್ತಾರೆ, ಮಧ್ಯ ಒಂದು ಸಣ್ಣ ಟೇಬಲ್ಲು, ಚಾರ್ಜರ್ ಇಡೋದು ಅದರ ಮೇಲೇ ಅಂತ ಅಂದ್ಕೊಂಡಿದ್ದೆ. ಏನಾದ್ರೂ ತೊಂದ್ರೆ ಇದೆಯಾ? ಇನ್ನೊಂದು, ಅಮ್ಮ ಫೋನ್ ಕವರ್ ಒಳಗೆ ಎಟಿಎಂ ಕಾರ್ಡ್ ಇಟ್ಕೊಂಡಿರ್ತಾರೆ, ನನ್ನ ಹತ್ರ ಬಂದಾಗ ಮೆಟ್ರೋ ಕಾರ್ಡೂ ಅಲ್ಲೇ ಸಿಕ್ಕಿಸ್ಕೋತಾರೆ. ಅದು ಹಾಗೇ ಇರಬಹುದಾ?

ಸಿಸ್ಟರ್_ಮಂಡ್ಯ

ಸುಮಾ, ಇದನ್ನ ಕೇಳಿದ್ದು ಒಳ್ಳೇದಾಯ್ತು ಕಣಮ್ಮ. ನಾನು ಕಾರ್ಡಿಯಾಕ್ ವಾರ್ಡಲ್ಲಿ ಕೆಲಸ ಮಾಡೋಳು, ಪೇಸ್‌ಮೇಕರ್ ಹಾಕಿದೋರು ಮನೆಗೆ ಹೋಗೋವಾಗ ಮೊಬೈಲ್ ವಿಚಾರ ನಾವು ಬಿಡಿಸಿ ಹೇಳೇ ಕಳಿಸ್ತೀವಿ. ಪೇಸ್‌ಮೇಕರ್ ಒಳಗೆ ಬೇಕಂತಲೇ ಮ್ಯಾಗ್ನೆಟ್‌ಗೆ ಸ್ಪಂದಿಸೋ ವ್ಯವಸ್ಥೆ ಇಟ್ಟಿರ್ತಾರೆ, ಡಾಕ್ಟ್ರು ಮೇಲಿಂದ ಮ್ಯಾಗ್ನೆಟ್ ಇಟ್ರೆ ಅದು ಹೃದಯದ ಬಡಿತ ನೋಡೋದು ಬಿಟ್ಟು ಒಂದೇ ಸಮನಾದ ವೇಗದಲ್ಲಿ ಬಡಿಸೋಕೆ ಶುರು ಮಾಡತ್ತೆ. ಐಸಿಡಿ ಅಂತ ಶಾಕ್ ಕೊಡೋ ಸಾಧನ ಇನ್ನೊಂದಿದೆ, ಅದರಲ್ಲಿ ಮ್ಯಾಗ್ನೆಟ್ ಇಟ್ರೆ ಶಾಕ್ ಕೊಡೋದು ನಿಲ್ಲಿಸ್ಬಿಡತ್ತೆ. 2021ರಲ್ಲಿ ಅಮೆರಿಕಾದ ಡಾಕ್ಟ್ರುಗಳು ಇದೇ ಐಫೋನ್ 12ನ್ನ ರೋಗಿಯ ಎದೆ ಮೇಲೆ, ಐಸಿಡಿ ಇರೋ ಜಾಗಕ್ಕೆ ಹಿಡಿದಾಗ ಅದು ಹಾಗೆ ನಿಂತಿದ್ದನ್ನ ವೈದ್ಯಕೀಯ ಪತ್ರಿಕೆಲಿ ಬರೆದಿದ್ರು. ಫೋನ್ ದೂರ ತೆಗೆದ್ರೆ ಮತ್ತೆ ಮೊದಲಿನ ಹಾಗೇ ಆಗತ್ತೆ, ಕೆಟ್ಟು ಹೋಗಲ್ಲ, ಆದ್ರೆ ರಾತ್ರಿ ಎಲ್ಲಾ ಹತ್ತಿರ ಇರಬಾರದು.

ಫೋನ್ ತಯಾರಿಸಿದ ಕಂಪನಿನೇ ಹೇಳೋ ದೂರ ಏನಪ್ಪಾ ಅಂದ್ರೆ, ಫೋನು ಮತ್ತೆ ಮ್ಯಾಗ್ನೆಟ್ ಚಾರ್ಜರು ಸಾಧನದಿಂದ 15 ಸೆಂಟಿಮೀಟರಿಗಿಂತ ಹೆಚ್ಚು ದೂರ, ವೈರ್‌ಲೆಸ್ ಚಾರ್ಜ್ ಆಗ್ತಿರೋವಾಗ 30 ಸೆಂಟಿಮೀಟರಿಗಿಂತ ಹೆಚ್ಚು ದೂರ. ಅಂದ್ರೆ ಒಂದು ಸ್ಕೇಲಿನಷ್ಟು. ಹಾಗಾಗಿ ಭಯ ಬೀಳೋ ಹಾಗಿಲ್ಲ, ಆದ್ರೆ ಇಬ್ಬರ ಮಧ್ಯದ ಟೇಬಲ್ಲು ಬೇಡ. ಅಪ್ಪ ಮಗ್ಗುಲು ತಿರುಗಿದಾಗ ಎಡ ಎದೆ ಅದಕ್ಕೆ ಎಷ್ಟು ಹತ್ತಿರ ಬರತ್ತೆ ಅಂತ ಯಾರು ನೋಡ್ತಾರೆ? ಅಮ್ಮನ ಆ ಕಡೆ ಮಗ್ಗುಲಿಗೆ ಇಡಿ, ಇಲ್ಲಾ ಹಾಲಲ್ಲಿ ಇಡಿ. ಅಪ್ಪ ಆ ಫೋನನ್ನ ಅಂಗಿ ಜೇಬಲ್ಲಿ ಇಟ್ಕೊಳ್ಳೋದೂ ಬೇಡ, ಮಾತಾಡಿದ್ರೆ ಬಲಗಿವಿಗೆ ಹಿಡಿದು ಮಾತಾಡ್ಲಿ. ಡಿಸ್ಚಾರ್ಜ್ ಆದಾಗ ಒಂದು ಕಾರ್ಡ್ ಕೊಟ್ಟಿರ್ತಾರಲ್ಲ, ಸಾಧನದ ಮಾಡೆಲ್ ಬರೆದಿರೋದು, ಮುಂದಿನ ಚೆಕಪ್‌ಗೆ ಹೋದಾಗ ಅದನ್ನ ತೋರಿಸಿ ಇಂಥಾ ಚಾರ್ಜರ್ ತಂದಿದೀವಿ ಅಂತ ಒಂದು ಮಾತು ಹೇಳಿ.

ರಿಪೇರಿ_ರಾಘು_ಶಿವಮೊಗ್ಗ

ಸಿಸ್ಟರ್ ಹೇಳಿದ್ಮೇಲೆ ನನ್ನ ಸಲಹೆನೂ ಅದಕ್ಕೆ ಹೊಂದಿಸಿ ಹೇಳ್ತೀನಿ ಅಕ್ಕ. ಮ್ಯಾಗ್ನೆಟ್ ಬಿಲ್ಲೆ ತರದ ಚಾರ್ಜರ್ ನಿಮಗೆ ಬೇಡ. ಅಪ್ಪನ ವಿಷಯ ಒಂದಾದ್ರೆ, ಅಮ್ಮನ ಕೈ ಇನ್ನೊಂದು. ಆ ಬಿಲ್ಲೆ ಹಗುರ, ಫೋನ್ ಎತ್ತಿದ್ರೆ ಜೊತೆಗೇ ಮೇಲೆ ಬರತ್ತೆ, ಒಂದು ಕೈಲಿ ಬಿಲ್ಲೆ ಹಿಡಿದು ಇನ್ನೊಂದು ಕೈಲಿ ಕೀಳ್ಬೇಕು, ಬೆರಳಲ್ಲಿ ಬಲ ಇಲ್ಲದೋರಿಗೆ ಅದು ಪಿನ್ನಿಗಿಂತ ಕಷ್ಟ. ಮ್ಯಾಗ್ನೆಟ್ ಇಲ್ಲದ ಸ್ಟ್ಯಾಂಡ್ ಬರತ್ತೆ, ಹಿಂದಕ್ಕೆ ವಾಲಿರತ್ತೆ, ಕೆಳಗೆ ಫೋನ್ ಕೂರೋಕೆ ಒಂದು ಅಂಚು. ಒಳಗೆ ಒಂದರ ಮೇಲೊಂದು ಎರಡು ಸುರುಳಿ ಇರೋದು ಕೇಳಿ ತಗೊಳ್ಳಿ. ಫೋನ್ ಅಂಚಿನ ಮೇಲೆ ಕೂತ್ರೆ ಎತ್ತರ ತನ್ನಷ್ಟಕ್ಕೆ ಹೊಂದತ್ತೆ, ಎಡ ಬಲ ಸ್ವಲ್ಪ ನೋಡಿದ್ರೆ ಆಯ್ತು, ಎತ್ತೋವಾಗ ಏನೂ ಅಂಟ್ಕೊಳಲ್ಲ, ಅಂಗೈಯಲ್ಲೇ ತಗೋಬಹುದು. ಚಪ್ಪಟೆ ಪ್ಯಾಡ್ ಆದ್ರೆ ಒಂದೆರಡು ಸೆಂಟಿಮೀಟರ್ ಆಚೆ ಈಚೆ ಆದ್ರೂ ರಾತ್ರಿ ಎಲ್ಲಾ ಚಾರ್ಜ್ ಆಗ್ದೆ ಹಾಗೇ ಬಿದ್ದಿರತ್ತೆ.

ಈ ಸ್ಟ್ಯಾಂಡಲ್ಲಿ ಐಫೋನ್ 12 ತಗೊಳ್ಳೋದು 7.5 ವ್ಯಾಟ್ ಅಷ್ಟೇ, ಮ್ಯಾಗ್ನೆಟ್ ಇರೋ ಮ್ಯಾಗ್‌ಸೇಫಲ್ಲಿ 15 ಬರತ್ತೆ. ಆದ್ರೆ ರಾತ್ರಿ ಎಂಟು ಗಂಟೆ ಟೈಮ್ ಇರೋವಾಗ 7.5 ಸಾಕೋ ಸಾಕು, ಬಿಸಿನೂ ಕಮ್ಮಿ. ಸ್ಟ್ಯಾಂಡ್ ಜೊತೆ ಎಷ್ಟೋ ಸಲ ಅಡಾಪ್ಟರ್ ಬರಲ್ಲ, ಮನೇಲಿರೋ ಹಳೇ 5 ವ್ಯಾಟಿನ ಚಿಕ್ಕ ಅಡಾಪ್ಟರ್ ಹಾಕಿದ್ರೆ ಲೈಟ್ ಮಿಣುಕತ್ತೆ ಚಾರ್ಜ್ ಏರಲ್ಲ, ಎಲ್ರೂ ಸ್ಟ್ಯಾಂಡೇ ಕೆಟ್ಟಿದೆ ಅಂತ ತರ್ತಾರೆ. 20 ವ್ಯಾಟಿನ ಒಳ್ಳೆ ಅಡಾಪ್ಟರ್ ಹಾಕಿ.

ಕಾರ್ಡ್ ತೆಗೆಸಿ. ಮೆಟ್ರೋ ಕಾರ್ಡಲ್ಲೂ ಬ್ಯಾಟರಿ ಇಲ್ಲ, ಅದೂ ಗೇಟಿನ ರೀಡರಿಂದ ಇದೇ ರೀತಿ ಶಕ್ತಿ ತಗೊಂಡು ಎದ್ದು ಲೆಕ್ಕ ಕೊಡೋ ಚಿಪ್ಪು, 13.56 ಮೆಗಾಹರ್ಟ್ಸಲ್ಲಿ. ಅದಕ್ಕೆ ಬೇಕಾಗಿರೋದು ಚೂರೇ ಚೂರು ಶಕ್ತಿ, ಚಾರ್ಜರಿಗೂ ಫೋನಿಗೂ ಮಧ್ಯ ಸಿಕ್ಕಿಸಿದ್ರೆ ಹೋಗ್ಬಿಡಬಹುದು. ಎಟಿಎಂ ಕಾರ್ಡಿನ ಕಪ್ಪು ಪಟ್ಟಿನೂ ಮ್ಯಾಗ್ನೆಟ್ ಹತ್ರ ಇದ್ರೆ ಅಳಿಸಿ ಹೋಗಬಹುದು. ಹಾಗೇ ಕಾರಲ್ಲಿ ಫೋನ್ ಅಂಟಿಸೋಕೆ ಅಂತ ಕವರ್ ಒಳಗೆ ತೆಳ್ಳಗಿನ ಕಬ್ಬಿಣದ ತಗಡು ಹಾಕಿರ್ತಾರೆ ಕೆಲವರು. ನನ್ನ ಹತ್ರ ಫೋನ್ ಕುದೀತಿದೆ ಅಂತ ತಂದಿದ್ದ ಒಬ್ರ ಕವರ್ ಬಿಚ್ಚಿದ್ರೆ ಆ ತಗಡಿನ ಆಕಾರಕ್ಕೇ ಸರಿಯಾಗಿ ಕವರ್ ಒಳಮೈ ಕಂದು ಬಣ್ಣಕ್ಕೆ ತಿರುಗಿತ್ತು, ಅಂಟು ಕರಗಿ ಗ್ಲಾಸಿಗೆ ಹತ್ತಿತ್ತು. ನಿಮ್ಮ ಫೋನ್ ಕವರಲ್ಲಿ ಅಂಥದ್ದು ಇದ್ರೆ ಮೊದ್ಲು ಕಿತ್ತಾಕಿ. ಕವರ್ 3 ಮಿಲಿಮೀಟರಿಗಿಂತ ದಪ್ಪ ಇರ್ಬಾರ್ದು, ಸಾದಾ ಸಿಲಿಕಾನ್ ಸಾಕು.

ಶಿರಾ ಬೇಸಿಗೆ ನನಗೆ ಗೊತ್ತು, ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಇಡ್ಬೇಡಿ, ದಿಂಬಿನ ಮೇಲೆ ಹಾಸಿಗೆ ಮೇಲೆ ಬೇಡವೇ ಬೇಡ, ಗಟ್ಟಿ ಮರದ ಮೇಲೆ ಫ್ಯಾನ್ ಗಾಳಿ ಬರೋ ಕಡೆ ಇಡಿ. ಫೋನ್ ಬಿಸಿಯಾದ್ರೆ 80 ಪರ್ಸೆಂಟಿಗೆ ತಾನೇ ನಿಲ್ಲಿಸತ್ತೆ, ಬೆಳಿಗ್ಗೆ ನೂರು ತೋರಿಸ್ಲಿಲ್ಲ ಅಂತ ಅಮ್ಮ ಗಾಬರಿ ಆಗೋದು ಬೇಡ. ಕರೆಂಟ್ ಹೋಗಿ ಬಂದ್ರೂ ಎದ್ದು ಏನೂ ಮಾಡ್ಬೇಕಿಲ್ಲ, ಮಾಸ್ತರ್ ಹೇಳಿದ್ರಲ್ಲ ಪಿಂಗ್ ಅಂತ, ಕರೆಂಟ್ ಬಂದ ತಕ್ಷಣ ಸ್ಟ್ಯಾಂಡ್ ಮತ್ತೆ ಪಿಂಗ್ ಕಳಿಸಿ ಫೋನ್ ಇದೆ ಅಂತ ಕಂಡ್ಕೊಂಡು ಶುರು ಮಾಡತ್ತೆ. ಶನಿವಾರ ಹೋದಾಗ ಸ್ಟ್ಯಾಂಡಿನ ವೈರನ್ನ ಟೇಬಲ್ ಕಾಲಿಗೆ ಟೇಪ್ ಹಾಕಿ ಅಂಟಿಸ್ಬಿಡಿ, ಅಡಾಪ್ಟರ್ ಸ್ವಿಚ್ ಯಾವಾಗ್ಲೂ ಆನಲ್ಲೇ ಇರ್ಲಿ, ಅಮ್ಮನ ಕೈಲೇ ಒಂದೆರಡು ಸಲ ಇಟ್ಟು ತೆಗೆಸಿ ಸ್ಟ್ಯಾಂಡ್ ಜರುಗತ್ತಾ ನೋಡಿ, ಜರುಗಿದ್ರೆ ತಳಕ್ಕೆ ಡಬಲ್ ಟೇಪ್ ಹಾಕಿ.